ನಾದಿನಿಯ ಗೇಟ್ ಕಾರ್ಡು

ಹಡಗುಗಳು ಓಡಾಡುವ ಕಾಲುವೆಯ ದಡದಲ್ಲಿ ಬದುಕುವವರಿಗೆ ಗೊತ್ತು, ಇಲ್ಲಿ ಗಂಡನ ಮುಖ ನೋಡುವುದಕ್ಕೂ ಬೇಲಿ ಅಡ್ಡ ಬರುತ್ತದೆ.

ಫಿಟ್ಟರನ ಹೆಂಡತಿಯ ಕಷ್ಟವೂ ಅದೇ. ಅವಳ ಗಂಡ ಒಂದು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾನೆ. ಏಳೆಂಟು ತಿಂಗಳಿಗೊಮ್ಮೆ ಆ ಹಡಗು ಈ ಕಾಲುವೆಯಲ್ಲಿ ಹಾದು ಮೇಲಿನ ಬಂದರಿಗೆ ಹೋಗುತ್ತದೆ, ಐದು ದಿನಕ್ಕೆ ಹಿಂತಿರುಗುತ್ತದೆ. ಊರಿನಲ್ಲಿ ನಿಲ್ಲುವುದಿಲ್ಲ. ಅಮೋನಿಯಾ ಕಾರ್ಖಾನೆಯ ಜೆಟ್ಟಿಯ, ಅಂದರೆ ನೀರಿಗೆ ಚಾಚಿದ ಕಟ್ಟೆಯ, ತುದಿಯಲ್ಲಿ ನಿಂತರೆ ಮಾತ್ರ ಅದು ಕೂಗಳತೆಯಲ್ಲಿ ಹಾಯುತ್ತದೆ. ಅವನು ಡೆಕ್ಕಿಗೆ ಬಂದು ಕೆಂಪು ಟವೆಲು ಬೀಸುತ್ತಾನೆ. ಒಟ್ಟು ನಾಲ್ಕು ನಿಮಿಷ. ಆ ನಾಲ್ಕು ನಿಮಿಷವನ್ನು ನೆನೆಯುತ್ತಲೇ ಅವಳು ಮುಂದಿನ ಏಳೆಂಟು ತಿಂಗಳು ಕಳೆಯುತ್ತಾಳೆ.

ಹಿಂದೆ ಜೆಟ್ಟಿಗೆ ಯಾರು ಬೇಕಾದರೂ ಹೋಗಬಹುದಿತ್ತು. ಈಗ ಸರ್ಕಾರ ನಿಯಮ ತಂದಿದೆ. ದಡದ ಪ್ರತಿ ಕಾರ್ಖಾನೆಗೂ ಗಟ್ಟಿ ಬೇಲಿ ಇರಬೇಕು, ಕಾವಲಿರಬೇಕು, ಒಳಗೆ ಹೋದವರ ಮತ್ತು ಹೊರಗೆ ಬಂದವರ ಹೆಸರು ದಾಖಲಾಗಬೇಕು. ಹೊರಗಿನವರು ಮೂರು ದಿನ ಮೊದಲೇ ಅರ್ಜಿ ಕೊಡಬೇಕು.

“ನಾನೇನು ಬಾಂಬ್ ಇಡೋಕೆ ಬರ್ತೀನಾ?” ಎಂದು ಅವಳು ಗೇಟಿನ ಕಾವಲುಗಾರ್ತಿಯನ್ನು ಕೇಳಿದಳು. ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು ಇರುವುದರಿಂದ ಆಕೆಯನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ.

“ಬಾಂಬ್ ಇಡೋರು ಹಣೆ ಮೇಲೆ ಬರ್ಕೊಂಡು ಬರ್ತಾರಾ ತಂಗಿ? ಅರ್ಜಿ ಕೊಡು. ಹಡಗು ವಾಪಸ್ ಬರುವಾಗ ನಾನೇ ಜೊತೇಲಿ ಕರ್ಕೊಂಡು ಹೋಗ್ತೀನಿ.”

“ಹಡಗು ಬರೋದು ನಾಳೆ! ಎಂಟು ತಿಂಗಳು ಕಾದವಳಿಗೆ ಇನ್ನೂ ಐದು ದಿನ ಕಾಯಿ ಅಂತೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ!” ಎಂದು ಅವಳು ಸಿಡುಕಿಕೊಂಡು ಹೊರಟುಹೋದಳು.

ಅವಳ ನಾದಿನಿ ಅದೇ ಕಾರ್ಖಾನೆಯಲ್ಲಿ ಪಂಪ್ ನೋಡಿಕೊಳ್ಳುತ್ತಾಳೆ. ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದವಳು ಅತ್ತಿಗೆಯ ಮುಖ ನೋಡಿದಳು. ಕುತ್ತಿಗೆಯಿಂದ ಕಾರ್ಡು ತೆಗೆದು, ಹೆಲ್ಮೆಟ್ಟಿನ ಜೊತೆ ಅವಳ ಕೈಗಿಟ್ಟಳು.

“ಹೋಗಿ ಬಾ ಅತ್ತಿಗೆ. ಅಣ್ಣ ಸೊರಗಿದ್ದಾನಾ ನೋಡು. ನಾನು ಮಲಗ್ತೀನಿ, ಎಬ್ಬಿಸಬೇಡ.”

ಹಗಲು ಪಾಳಿಯವರು ಒಳಗೆ ಹೋಗುವ ಗಲಾಟೆಯಲ್ಲಿ ಬೀಗದಕ್ಕ ಹೆಲ್ಮೆಟ್ ನೋಡಿದಳು, ಮುಖ ನೋಡಲಿಲ್ಲ. ಯಂತ್ರ ಕಾರ್ಡು ನೋಡಿ ಹಸಿರು ದೀಪ ಹತ್ತಿಸಿತು.

ಹನ್ನೊಂದಕ್ಕೆ ಹಡಗಿನ ಮೂತಿ ಕಾಲುವೆಯ ತಿರುವಿನಲ್ಲಿ ಕಾಣಿಸಿತು. ಅವಳು ಜೆಟ್ಟಿಯ ತುದಿಗೆ ಇನ್ನೂ ಹತ್ತು ಹೆಜ್ಜೆ ದೂರದಲ್ಲಿದ್ದಳು. ಸೈರನ್ ಕೂಗಿತು.

ಒಂದು ವಾಲ್ವಿನಿಂದ ಅಮೋನಿಯಾ ಸೋರಿತ್ತು. ಗಾಳಿ ನೀರಿನ ಕಡೆಗೇ ಬೀಸುತ್ತಿತ್ತು. ಕಣ್ಣು, ಮೂಗು, ಗಂಟಲು ಒಟ್ಟಿಗೇ ಉರಿದವು. ಎಲ್ಲರೂ ಗೇಟಿನ ಕಡೆ ಓಡಿದರು. ಅವಳು ಓಡಲಿಲ್ಲ. ಅಲ್ಲಿ ಕಾರ್ಡು ತೋರಿಸಿದರೆ ನಾದಿನಿಯ ಕೆಲಸ ಹೋಗುತ್ತದೆ ಎಂದುಕೊಂಡು, ದೋಣಿಯವರು ಬಳಸುವ ಕಬ್ಬಿಣದ ಏಣಿ ಇಳಿದು, ಮೊಣಕಾಲುದ್ದದ ಕೆಸರು ತುಳಿದು ಮನೆಗೆ ಬಂದಳು. ಹಿಂತಿರುಗಿ ನೋಡಲಿಲ್ಲ. ಟವೆಲನ್ನೂ ನೋಡಲಿಲ್ಲ.

ನಾದಿನಿಯನ್ನು ಎಬ್ಬಿಸಿದಾಗ ಅವಳ ಫೋನಿನಲ್ಲಿ ಉತ್ತರಿಸದ ಹನ್ನೊಂದು ಕರೆಗಳಿದ್ದವು. ಎಲ್ಲವೂ ಕಾರ್ಖಾನೆಯದ್ದೇ. ನಾದಿನಿ ಗಾಬರಿಯಿಂದ ವಾಪಸ್ ಫೋನ್ ಮಾಡಿದಳು.

“ಅಕ್ಕಾ, ನಾನು ಮನೇಲಿದ್ದೀನಿ.”

ಆ ಕಡೆಯಿಂದ ಬೀಗದಕ್ಕ ಕೂಗಿದಳು:

“ಮನೇಲಿದ್ದೀಯಾ? ಹಾಗಾದ್ರೆ ಇವರು ಒಳಗೆ ಯಾರನ್ನ ಹುಡುಕ್ತಿದ್ದಾರೆ?”

ಇಬ್ಬರೂ ಗೇಟಿಗೆ ಓಡಿದರು. ಬೆಂಚಿನ ಮೇಲೆ ರಕ್ಷಣಾ ತಂಡದ ಒಬ್ಬ ಕುಳಿತಿದ್ದ. ಮೂಗಿಗೆ ಆಕ್ಸಿಜನ್ ನಳಿಕೆ, ಕಣ್ಣು ಕೆಂಡ. ಬೆನ್ನಿಗೆ ಕಟ್ಟಿಕೊಂಡ ಗಾಳಿಯ ಸಿಲಿಂಡರು ಅರ್ಧ ಗಂಟೆಗೆ ಮಾತ್ರ ಸಾಕಾಗುತ್ತದೆ. ಅವನು ಎರಡು ಸಲ ಒಳಗೆ ಹೋಗಿದ್ದ. ಎರಡನೇ ಸಲ ಹುಡುಕುತ್ತಾ ಹೊತ್ತು ಮೀರಿಸಿಕೊಂಡಿದ್ದ. ಪಕ್ಕದಲ್ಲಿ ಅವನ ಹೆಂಡತಿ ಅವನ ಬೂಟುಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಬಂದವರನ್ನು ಕಂಡ ಕೂಡಲೇ ಕೇಳಿದಳು:

“ಯಾರೋ ಹೆಣ್ಣುಮಗಳು ಒಳಗೆ ಸಿಕ್ಕಿಹಾಕ್ಕೊಂಡಿದ್ದಾಳಂತೆ. ಸಿಕ್ಕಿದ್ಲಾ? ಅವಳ ಮನೆಯವರು ಎಷ್ಟು ಒದ್ದಾಡ್ತಿದ್ದಾರೋ.”

ಫಿಟ್ಟರನ ಹೆಂಡತಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಅದು ನಾನೇ ಅಕ್ಕಾ,” ಎಂದಳು. “ನನ್ನ ಗಂಡನ್ನ ನೋಡೋಕೆ ಹೋಗಿದ್ದೆ.”

ಆ ಹೆಂಗಸು ಬಯ್ಯಲಿಲ್ಲ. ಬೂಟುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, “ನಾನೂ ನನ್ನ ಗಂಡನಿಗೇ ಕಾಯ್ತಿದ್ದೆ,” ಎಂದಳು. “ನಲವತ್ತು ನಿಮಿಷ.”

ಬೀಗದಕ್ಕ ಮೆಲ್ಲಗೆ ಹೇಳಿದಳು: “ಮುಖ ನೋಡದೆ ಬಿಟ್ಟಿದ್ದು ನನ್ನ ತಪ್ಪು, ಆಫೀಸಿಗೆ ಹಾಗೇ ಬರೆದುಕೊಡ್ತೀನಿ. ಆದ್ರೆ ಒಂದು ಮಾತು ತಿಳ್ಕೋ ತಂಗಿ. ಈ ನಿಯಮ ಕಳ್ಳರನ್ನ ತಡೆಯೋಕೆ, ಹೌದು. ಸೈರನ್ ಕೂಗಿದಾಗ ಒಳಗೆ ಯಾರು ಉಳಿದಿದ್ದಾರೆ ಅಂತ ಹೇಳೋದೂ ಇದೇ ಕಾರ್ಡು. ಇವತ್ತು ಇಲ್ಲದವಳನ್ನ ಹುಡುಕಿದ್ರು. ನೀನು ಅಲ್ಲೇ ಬಿದ್ದಿದ್ರೆ ನಿನ್ನ ಹೆಸರು ಹಿಡಿದು ಯಾರೂ ಕೂಗ್ತಿರಲಿಲ್ಲ.”

ನಾದಿನಿಯನ್ನು ಹದಿನೈದು ದಿನ ಕೆಲಸದಿಂದ ನಿಲ್ಲಿಸಿದರು. ರಕ್ಷಣಾ ತಂಡದವನು ಎರಡು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದ. ಫಿಟ್ಟರನ ಹೆಂಡತಿ ಸೋರಿಕೆಯಾದ ದಿನವೇ ಸಂಜೆ ತನ್ನ ಹೆಸರಿನಲ್ಲಿ ಅರ್ಜಿ ಬರೆದುಕೊಟ್ಟಿದ್ದಳು.

ಐದನೇ ದಿನ ಅವಳು ಬೀಗದಕ್ಕನ ಜೊತೆ ಹಳದಿ ಗೆರೆಯ ಹಿಂದೆ ನಿಂತಳು. ಗೆರೆ ಜೆಟ್ಟಿಯ ತುದಿಯಿಂದ ತುಂಬಾ ಹಿಂದಿತ್ತು. ಹಡಗು ಬಂತು. ಮುಖ ಕಾಣಲಿಲ್ಲ. ಉಗುರಿನಷ್ಟು ಕೆಂಪು ಮಾತ್ರ ಅತ್ತಿತ್ತ ಆಡಿತು.

“ಬೀಸು, ಬೀಸು! ಹೆಲ್ಮೆಟ್ ಮಾತ್ರ ತೆಗೀಬೇಡ,” ಎಂದಳು ಬೀಗದಕ್ಕ.

ಅವಳು ಸೆರಗು ಬೀಸಿದಳು. ಎರಡು ಹೆಲ್ಮೆಟ್ಟುಗಳಲ್ಲಿ ತನ್ನವಳು ಯಾರೆಂದು ಅವನಿಗೆ ತಿಳಿಯಿತೋ ಇಲ್ಲವೋ. ಆ ಕೆಂಪು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕೈ ಇಳಿಸಲಿಲ್ಲ. ಆಮೇಲೆ ಬಂದ ಗೇಟಿನಿಂದಲೇ ಹೊರಗೆ ಹೋಗಿ, ತನ್ನ ಹೆಸರಿನ ಮುಂದೆ ಸಹಿ ಹಾಕಿದಳು.

ಕಾಲುವೆಯ ದಡದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಗೇಟ್ ಕಾರ್ಡನ್ನು ಎಷ್ಟೇ ಪ್ರೀತಿಯವರಿಗೂ ಕೊಡಬೇಡಿ. ನಿಮ್ಮ ಹೆಸರು ಬರೆಸಿಯೇ ಒಳಗೆ ಹೋಗಿ. ಸೈರನ್ ಕೂಗಿದರೆ ಎಲ್ಲರೂ ಸೇರುವ ಜಾಗಕ್ಕೇ ಬಂದು ‘ನಾನಿದ್ದೇನೆ’ ಎಂದು ಹೇಳಿ. ನಿಮ್ಮನ್ನು ಹುಡುಕಲು ಹೋಗುವವನಿಗಾಗಿಯೂ ಗೇಟಿನ ಹೊರಗೆ ಒಬ್ಬಳು ಬೂಟು ಹಿಡಿದು ಕಾಯುತ್ತಿರುತ್ತಾಳೆ.