ಮಾವನ ರೇಡಿಯೋಗೆ ಐದು ವೋಲ್ಟು

ಅಕ್ಕಲಕೋಟೆಯಲ್ಲಿ ನನ್ನಷ್ಟು ದೊಡ್ಡ ಮೆಕ್ಯಾನಿಕ್ ಇನ್ನೊಬ್ಬನಿಲ್ಲ. ಸತ್ತ ಟಿ.ವಿ.ಗಳು ನನ್ನ ಅಂಗಡಿಯ ಹೊಸ್ತಿಲು ದಾಟಿದರೆ ಸಾಕು, ತಾವಾಗಿಯೇ ಕೆಮ್ಮಿ ಎದ್ದು ಕೂಡುತ್ತವೆ. ಇಂಥ ಅಮೋಗಸಿದ್ಧನ ಕೈಯಲ್ಲಿ ಸುಟ್ಟದ್ದು ಒಂದೇ ವಸ್ತು. ಅದೂ ಹೆಂಡತಿ ಬೀರವ್ವ ತವರಿನಿಂದ ತಂದ ರೇಡಿಯೋ.

ಅದು ಮಾವ ಮೈಲಾರಲಿಂಗನದು. ನಾಗಣಸೂರಿನ ಸುತ್ತ ಕುರಿ ಕಾಯುವಾಗ ಅವನ ಹೆಗಲಿಗೆ ನೇತಾಡುತ್ತಿತ್ತು. ದನಿ ಹೊರಟರೆ ನಾಲ್ಕು ಸಾವಿರ ಕುರಿ ಒಟ್ಟಿಗೆ ಎದ್ದು ಅವನ ಹಿಂದೆ ಬರುತ್ತಿದ್ದವು. ಬೀರವ್ವನ ಪ್ರಕಾರ ನಲವತ್ತು. ಮಾವ ತೀರಿಕೊಂಡ ಮೇಲೆ ರೇಡಿಯೋ ಅವಳ ಪಾಲಿಗೆ ಬಂತು, ಒಂದು ದಿನ ಮೂಕವಾಯಿತು. "ಚಹಾ ಆರೋದ್ರಾಗ ಹಾಡಸ್ತೀನಿ" ಎಂದು ನಾಲ್ಕು ಸೆಲ್ಲಿನ ರೇಡಿಯೋಗೆ ಮೋಟಾರ್‌ಸೈಕಲ್ಲಿನ ಬ್ಯಾಟರಿ ಜೋಡಿಸಿದೆ. ಆರು ವೋಲ್ಟು ಸಾಕಾದ ಬಾಯಿಗೆ ಹನ್ನೆರಡು ಸುರಿದೆ. ಹೊಗೆ ಸೋಲಾಪುರಕ್ಕೂ ಕಂಡಿರಬೇಕು.

ಬೀರವ್ವ ಜಗಳವಾಡಲಿಲ್ಲ. ಸೀರೆ ಮಡಚಿ ಚೀಲಕ್ಕೆ ತುಂಬಿದಳು. "ನಿಮ್ಮ ಮಾತು ಕೇಳಿ ಕೇಳಿ ದಣದೀನ್ರಿ. ಅವ್ವನ ಕಡೆ ಸ್ವಲ್ಪ ದಿನ ಇರ್ತೀನಿ."

ಇಪ್ಪತ್ತಾರು ದಿನವಾಯಿತು. ನಾಗಣಸೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ನನಗೆ ಮಾತ್ರ ಅದು ಹಿಮಾಲಯದ ಆಚೆಗಿತ್ತು. ರೇಡಿಯೋದ ಸುಟ್ಟ ಐಸಿ ಚಿಪ್ಪು ಬದಲಿಸಿದ್ದೆ. ಆದರೆ ಮತ್ತೆ ಸುಟ್ಟೀತೆಂದು ಕರೆಂಟು ಕೊಟ್ಟಿರಲಿಲ್ಲ. ಸೆಲ್ಲು ಹಾಕುವ ಮೊದಲು ಅಳತೆ ತಪ್ಪದೆ ಕರೆಂಟು ಕೊಟ್ಟು ನೋಡಲು ಒಂದು ಟೆಸ್ಟಿಂಗ್ ಪೆಟ್ಟಿಗೆ ಬೇಕು. ಸೋಲಾಪುರದಲ್ಲಿ ಗುಜರಿ ಸಾಮಾನು ಮಾರುವ ಭೀಮಶಾನ ಭಂಗಾರ ಅಂಗಡಿಗೆ ಹೋದೆ.

"ಭೀಮಶಾ ಮಾಮಾ, ಜಗತ್ತಿನ ಮೊದಲ ಕಂಪ್ಯೂಟರಿನ ಕರೆಂಟ್ ಸಪ್ಲೈ ಪೆಟ್ಟಿಗೆ ಕೊಡು."

"ಟೈಪಿಂಗ್ ಕ್ಲಾಸಿನ ಹಳೇ ಕಂಪ್ಯೂಟರಿಂದು ಐತಿ, ಒಯ್ಯಿ. ಬೀರವ್ವ ಬಂದ್ಲೇನು?"

"ದಿನಾ ಫೋನ್ ಮಾಡಿ ಅಳತಾಳ."

"ಹೌದಾ? ಮತ್ತ ನಿನ್ನ ಕಣ್ಣ ಯಾಕ ಕೆಂಪಾಗ್ಯಾವ?"

ಅಂಗಡಿಗೆ ಬಂದು ಪೆಟ್ಟಿಗೆಯ ಬಣ್ಣಬಣ್ಣದ ವೈರು ಬಿಡಿಸಿದೆ. ಹಳದಿಯಲ್ಲಿ ಹನ್ನೆರಡು ವೋಲ್ಟು, ಕೆಂಪಿನಲ್ಲಿ ಐದು. ಹಸಿರು ವೈರನ್ನು ಕರಿ ವೈರಿಗೆ ಕೂಡಿಸಿದರೆ ಪೆಟ್ಟಿಗೆ ಚಾಲೂ. ಕೂಡಿಸಿದೆ. ಪೆಟ್ಟಿಗೆಯೊಳಗಿನ ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಹತ್ತು ಸಾವಿರ ಸಲ ಕೂಡಿಸಿದೆ, ಹತ್ತು ಸಾವಿರ ಸಲವೂ ನಿಂತಿತು. ಆಮೇಲೆ ನೆನಪಾಯಿತು: ಈ ಹಳೆಯ ಪೆಟ್ಟಿಗೆಗಳು ಬರಿಗೈಲಿ ಓಡುವುದಿಲ್ಲ, ಹೊರಲು ಏನಾದರೂ ಕೊಡಬೇಕು. ಗಾಡಿಯ ಹೆಡ್‌ಲೈಟ್ ಬಲ್ಬನ್ನು ಕೆಂಪು ಮತ್ತು ಕರಿ ವೈರಿನ ನಡುವೆ ಕಟ್ಟಿದೆ. ಬಲ್ಬು ಮಂದವಾಗಿ ಕೆಂಪಾಯಿತು. ಫ್ಯಾನು ನಿಲ್ಲಲಿಲ್ಲ.

ಆರಕ್ಕೆ ಒಂದು ಕಡಿಮೆಯಾದರೂ ಸುಡುವ ಭಯವಿಲ್ಲವೆಂದು, ಐದು ವೋಲ್ಟನ್ನು ಮೀಟರಿನಲ್ಲಿ ಮೂರು ಸಲ ನೋಡಿ ರೇಡಿಯೋಗೆ ಕೊಟ್ಟೆ. ಗೊರಗೊರ ಎಂದಿತು. ಆಮೇಲೆ ಯಾರೋ ತೊಗರಿಗೆ ಔಷಧ ಹೊಡೆಯುವ ಬಗೆ ಹೇಳತೊಡಗಿದರು. ಅಷ್ಟು ಇಂಪಾದ ದನಿಯನ್ನು ಮೂರು ಲೋಕದಲ್ಲೂ ಕೇಳಿರಲಿಲ್ಲ. ಬೀರವ್ವನಿಗೆ ಫೋನ್ ಹಚ್ಚಿದೆ.

"ರೇಡಿಯೋ ಹಾಡಾಕತ್ತೈತಿ."

"ಹೋದ ವಾರನೂ ಹಾಡಿತ್ತಲ್ರಿ."

"ಈ ಸಲ ಖರೇ."

"ಆವಾಗೂ ಖರೇನ ಅಂದಿದ್ರಿ. ಅಪ್ಪನ ಕುರಿ ಬೇವಿನ ಗಿಡದ ಕೆಳಗ ಮಲಗ್ಯಾವ. ಆಮ್ಯಾಲ ಮಾತಾಡ್ತೀನಿ."

ಫೋನನ್ನು ರೇಡಿಯೋದ ಬಾಯಿಗೆ ಹಿಡಿದೆ. ಅವಳು ಸ್ಪೀಕರ್ ಹಾಕಿರಬೇಕು, ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಂದು ಕುರಿ ಅರಚಿತು. ಮತ್ತೊಂದು. ಆಮೇಲೆ ಕೊರಳ ಗಂಟೆಗಳು.

"ಎದ್ದು ನಿಂತಾವರಿ," ಬೀರವ್ವನ ದನಿ ಒಡೆದಿತ್ತು. "ಅಪ್ಪನ್ನ ಹುಡುಕಾಕತ್ತಾವ."

ನಾನು ರೇಡಿಯೋದ ದನಿ ಏರಿಸಿದೆ.

"ಎಷ್ಟೊತ್ತು ಹಾಡತೈತಿ?"

ನೂರು ವರ್ಷ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯ ಗಡಿಯಾರ ನೋಡಿದೆ. "ನಾಕಕ್ಕ ಕರೆಂಟ್ ಹೋಗತೈತಿ. ಇನ್ನ ಹನ್ನೊಂದು ನಿಮಿಷ."

"ಫೋನ್ ಬಂದ್ ಮಾಡಬ್ಯಾಡ್ರಿ."

ಮಾಡಲಿಲ್ಲ. ನಾಲ್ಕಕ್ಕೆ ಬಲ್ಬು ಆರಿತು, ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಆ ಕಡೆ ಗಂಟೆಗಳು ಒಂದೊಂದೇ ಸುಮ್ಮನಾದವು.

"ಬರೋಬ್ಬರಿ ಹನ್ನೊಂದು ನಿಮಿಷ," ಎಂದಳು. ಎಣಿಸಿದ್ದಳು. "ಸೆಲ್ ಹಾಕ್ಕೊಂಡು ತಗೊಂಡ್ ಬರ್ರಿ. ಕುರಿ ನಿಮ್ಮ ದಾರಿ ನೋಡಾಕತ್ತಾವ."

"ಎಷ್ಟು ಕುರಿ?"

ಬೀರವ್ವ ತುಸು ತಡೆದು ಹೇಳಿದಳು: "ನಾಕು ಸಾವಿರ."