ಅಮ್ಮಪಕ್ಕದ ಮನೆ

“ಅತ್ತೆ, ‘ಅಮ್ಮಪಕ್ಕದ ಮನೆ’ ಅಂದ್ರೆ ಯಾವ ಮನೆ?”

ತಮ್ಮನ ಮಗಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು. ಕೈಯಲ್ಲಿ ನಾಲ್ಕು ಹಾಳೆ. ಅವಳು ಒಂದು ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಾಳೆ. ನಾನು ಅಂಥದೇ ಇನ್ನೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು. ಅಚ್ಚಿನ ತಪ್ಪುಗಳನ್ನು ತಂದು ನನಗೆ ಒಪ್ಪಿಸಿ ನಗಿಸುವುದು ಅವಳ ರೂಢಿ.

“ಅಂಥ ಮಾತೇ ಇಲ್ಲ ಕಣೆ. ಅಕ್ಕಪಕ್ಕ ಇರಬೇಕು.”

“ಅಲ್ವಾ? ಹಾಗಾದ್ರೆ ಮೊದಲು ಕೂತ್ಕೊಳ್ಳಿ.”

ಒಳಗೆ ಹೋಗಿ ನೀರು ತಂದುಕೊಟ್ಟಳು. ನಾನು ಕೇಳಿರಲಿಲ್ಲ. ಆಗಲೇ ಏನೋ ಸರಿಯಿಲ್ಲವೆನ್ನಿಸಿತು.

ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಸ್ಟ್ರೋಕ್ ಆದ ಮೇಲೆ ಒಂದೂವರೆ ವರ್ಷ ಇದ್ದಳು. ನಾಲಿಗೆ ಹೊರಳುತ್ತಿತ್ತು, ಪದಗಳು ಮಾತ್ರ ಅದಲುಬದಲಾಗಿದ್ದವು. ಚಮಚಕ್ಕೆ ಬಾಚಣಿಗೆ ಎನ್ನುವಳು, ದಿಂಬಿಗೆ ಕಾಗದ, ಡಾಕ್ಟರಿಗೆ ಬೆಕ್ಕು. ಆ ಪುಣ್ಯಾತ್ಮರು ಬೇಸರಪಟ್ಟುಕೊಳ್ಳದೆ, “ಬೆಕ್ಕು ಬಂತಮ್ಮಾ” ಎನ್ನುತ್ತಲೇ ಒಳಗೆ ಬರುತ್ತಿದ್ದರು. ನಾನು ‘ಕೊಡೆ’. ಉದ್ದಕ್ಕೆ, ಸಣಕಲಾಗಿ ಇರುವುದರಿಂದ ಛತ್ರಿಯೆಂದು ಕರೆದದ್ದೇ ಸರಿ ಎಂದು ಮನೆಯವರೆಲ್ಲ ನಕ್ಕರು. ನಾನು ಹಿಗ್ಗಿದೆ. ಆಕೆ “ಕೊಡೆ, ಕೊಡೆ” ಎಂದಾಗಲೆಲ್ಲ ಹೋಗಿ ಕೈಹಿಡಿದು, “ಇಲ್ಲೇ ಇದೀನಿ ಅಕ್ಕಾ” ಎನ್ನುತ್ತಿದ್ದೆ.

ಇದನ್ನೆಲ್ಲ ‘ಅಕ್ಕನ ಮಾತು’ ಎಂಬ ಬ್ಲಾಗಿನಲ್ಲಿ ಬರೆಯುತ್ತಿದ್ದೆ. ಇಂಥ ರೋಗಿಗಳನ್ನು ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬರಲಿ ಎಂದು. ಓದುತ್ತಿದ್ದವರು ಹತ್ತು ಹನ್ನೆರಡು ಜನ, ಅದರಲ್ಲಿ ಅರ್ಧ ನೆಂಟರು. ಈಗ ತಮ್ಮನ ಮಗಳು ಅದನ್ನು ಪುಟ್ಟ ಪುಸ್ತಕ ಮಾಡಲು ಹೊರಟಿದ್ದಳು. ಆ ಕೆಲಸದ ನಡುವೆ ಅವಳು ನನ್ನದೊಂದು ವಾಕ್ಯವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದು ಬೇರೆ ಯಾರದೋ ಬ್ಲಾಗಿನಲ್ಲಿ ಸಿಕ್ಕಿತ್ತು.

ಅದರ ಹೆಸರು ‘ಅಮ್ಮನ ಮಾತು’. ಮೇಲ್ಗಡೆ ಒಬ್ಬ ಹೆಂಗಸಿನ ನಗುಮುಖದ ಫೋಟೊ. ನಾನು ಬರೆದದ್ದು ಮರುದಿನವೇ ಅಲ್ಲಿ ಬಂದಿತ್ತು, ಹೆಚ್ಚುಕಡಿಮೆ ಒಂದೂ ಬಿಡದೆ. ‘ಅಕ್ಕ’ ಇರುವಲ್ಲೆಲ್ಲ ‘ಅಮ್ಮ’ ಮಾಡು ಎಂದು ಆಕೆ ಕಂಪ್ಯೂಟರಿಗೆ ಹೇಳಿದ್ದಳು. ಅದು ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸಿತ್ತು. ಅಕ್ಕಪಕ್ಕದವರು ಅಮ್ಮಪಕ್ಕದವರಾಗಿದ್ದರು. ಅಕ್ಕನ ಊದಿದ ಕೈಯಿಂದ ಬಳೆ ಕತ್ತರಿಸಿಕೊಟ್ಟಿದ್ದ ಅಕ್ಕಸಾಲಿಗ ಅಮ್ಮಸಾಲಿಗನಾಗಿದ್ದ.

“ಇದು ಕೇಳಿ. ‘ಬೆಳಿಗ್ಗೆ ಎದ್ದು ಅಮ್ಮಿ ತೊಳೆದಿಟ್ಟೆ.’”

“ಅಯ್ಯೋ, ಅಕ್ಕಿ!”

“‘ಅಮ್ಮರೆಯಿಂದ ತಲೆ ಸವರಿದೆ.’”

ಇಬ್ಬರೂ ಪಕ್ಕೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಕೊನೆಯ ಹಾಳೆ ಕೊಟ್ಟಳು. ಅಕ್ಕ ಹೋದ ದಿನದ ಬಗ್ಗೆ ನಾನು ಬರೆದದ್ದನ್ನು ಆಕೆ ತೆಗೆದುಕೊಂಡಿರಲಿಲ್ಲ. ಅದರ ಬದಲಿಗೆ ತನ್ನದೇ ಎರಡು ಸಾಲು ಬರೆದಿದ್ದಳು: ‘ಅಮ್ಮ ಈಗ ಪೂರ್ತಿ ಗುಣವಾಗಿದ್ದಾರೆ. ನಿಮ್ಮೆಲ್ಲರ ಹಾರೈಕೆಗೆ ಋಣಿ.’

ತಮ್ಮನ ಮಗಳು ಅಲ್ಲೇ ಕೂತು ದೂರು ಬರೆದಳು. ಬ್ಲಾಗುಗಳಿಗೆ ಜಾಗ ಕೊಡುವ ಕಂಪನಿಗೆ ನನ್ನ ಬರಹಗಳ ತಾರೀಖು, ಕೆಂಪು ಗೆರೆ ಎಳೆದ ಅಮ್ಮಪಕ್ಕದ ಹಾಳೆಗಳು, ಎಲ್ಲ ಹೋದವು. ಮೂರನೇ ದಿನ ಉತ್ತರ ಬಂತು. ಪುರಾವೆ ಸಾಕು, ಇನ್ನೊಮ್ಮೆ ಒಪ್ಪಿಗೆ ಕೊಟ್ಟರೆ ಆ ಬ್ಲಾಗನ್ನೇ ಪೂರ್ತಿಯಾಗಿ ತೆಗೆದುಹಾಕುತ್ತೇವೆ ಎಂದಿದ್ದರು.

“ಒಂದು ಗುಂಡಿ ಒತ್ತಿದ್ರೆ ಮುಗೀತು, ಗಂಟುಮೂಟೆ ಸಮೇತ ಖಾಲಿ ಮಾಡ್ತಾಳೆ. ಒತ್ಲಾ?”

“ತಾಳು. ಕೆಳಗೆ ಓದಿದವರು ಏನೇನು ಬರೆದಿದಾರೋ ನೋಡೋಣ.”

ನೂರಾರು ಜನ ಬರೆದಿದ್ದರು. ಒಬ್ಬ ಬಸ್ ಚಾಲಕ, ತನ್ನ ಹೆಂಡತಿಯೂ ಹೀಗೆಯೇ, ಇದನ್ನು ಓದಿದ ಮೇಲೆ ಅವಳ ಮೇಲೆ ರೇಗುವುದನ್ನು ಬಿಟ್ಟೆ ಎಂದಿದ್ದ. ಒಬ್ಬಳು ದರ್ಜಿ, ಮಲಗಿದಲ್ಲೇ ತೊಡಿಸಬಹುದಾದ ಅಂಗಿಯ ಅಳತೆ ಬರೆದು, ಬೇಕಾದರೆ ತಾನೇ ಹೊಲಿದು ಕಳಿಸುತ್ತೇನೆ ಎಂದಿದ್ದಳು. ಆ ಅಂಗಿಗಾಗಿ ನಾನು ಎಷ್ಟು ಅಂಗಡಿ ಅಲೆದಿದ್ದೆ! ಎಲ್ಲ ನನ್ನ ಅಕ್ಕನಿಗಾಗಿ ಬಂದದ್ದು; ಬಂದು ಬೇರೆ ಬಾಗಿಲಲ್ಲಿ ನಿಂತಿತ್ತು.

ಇನ್ನೂ ಕೆಳಗೆ ಇದಿತ್ತು:

‘ನಾನು ಆಸ್ಪತ್ರೆಯಲ್ಲಿ ಮಾತು ಮರೆತವರಿಗೆ ಮಾತು ಕಲಿಸುವವಳು. ಅಮ್ಮ ಹೇಳುವ ಕೊಡೆ ಛತ್ರಿ ಅಲ್ಲದೇ ಇರಬಹುದು. ಕೊಡೇ ಅಂತ ಏನನ್ನೋ ಕೇಳುತ್ತಿರಬಹುದು. ಕೈಹಿಡಿದರೂ ಸುಮ್ಮನಾಗುವುದಿಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೇ ಈ ಅನುಮಾನ. ಒಂದೊಂದೇ ವಸ್ತು ಎದುರಿಗೆ ಹಿಡಿದು ಕಣ್ಣು ನೋಡಿ. ಇವತ್ತೇ ಮಾಡಿ.’

ಅಕ್ಕ ಹೋಗುವುದಕ್ಕೆ ಹನ್ನೊಂದು ದಿನ ಮೊದಲಿನ ತಾರೀಖು.

ಅದರ ಕೆಳಗೆ ಆ ನಗುಮುಖದವಳ ಉತ್ತರ: ‘ಥ್ಯಾಂಕ್ಸ್ ಮೇಡಂ, ಖಂಡಿತ.’ ಎರಡು ದಿನ ಬಿಟ್ಟು ಮಾತು ಕಲಿಸುವಾಕೆ ಮತ್ತೆ ಕೇಳಿದ್ದಳು: ‘ಮಾಡಿದಿರಾ? ಏನು ಬೇಕಿತ್ತಂತೆ?’ ಅದಕ್ಕೆ, ‘ಅಮ್ಮ ಈಗ ಎಷ್ಟೋ ವಾಸಿ.’

ಒಂದು ದೀರ್ಘ. ಮೂವತ್ತೊಂದು ವರ್ಷ ಬೇರೆಯವರ ದೀರ್ಘ ತಿದ್ದಿದ ನನ್ನ ಕಣ್ಣಿಗೆ, ಕಿವಿಗೆ, ಮನೆಯೊಳಗಿನ ಈ ಒಂದು ದೀರ್ಘ ತಪ್ಪಿಹೋಗಿತ್ತು. ಕೈಹಿಡಿದಾಗ ಅಕ್ಕ ಎಷ್ಟೋ ಸಲ ಕೈ ಕೊಸರಿಕೊಂಡು ಕಪಾಟಿನ ಕಡೆ ನೋಡುತ್ತಿದ್ದಳು. ಅದನ್ನೂ ಬ್ಲಾಗಿನಲ್ಲಿ ಬರೆದಿದ್ದೆ, ಚೆಂದದ ಭಾಷೆಯಲ್ಲಿ.

“ಅದು ಛತ್ರಿನೇ ಇರಬಹುದು ಅತ್ತೆ,” ಎಂದಳು ತಮ್ಮನ ಮಗಳು.

“ಇರಬಹುದು.”

ಮಾತು ಕಲಿಸುವಾಕೆಯ ವಿಳಾಸವಾಗಲಿ ಪೂರ್ತಿ ಹೆಸರಾಗಲಿ ಅಲ್ಲಿರಲಿಲ್ಲ. ಆಕೆಗೆ ಉತ್ತರ ಕೊಡಬೇಕಾದರೆ ಆ ಕದ್ದ ಬ್ಲಾಗಿನಲ್ಲೇ ಕೊಡಬೇಕು. ಕೊಟ್ಟೆ: ‘ತಾಯಿ, ಮಾಡಲಿಲ್ಲ. ಆಕೆ ನನ್ನ ಅಕ್ಕ, ಈಗಿಲ್ಲ. ನಿಮ್ಮ ಮಾತು ನನಗೆ ತಲುಪಲಿಲ್ಲ. ಆದರೂ ಎರಡು ಸಲ ಕೇಳಿದಿರಲ್ಲ.’

“ಎರಡು ದಿನ ಬಿಡೆ, ಆಕೆ ಓದಲಿ,” ಎಂದೆ.

“ಆ ಕಳ್ಳಿಗೆ ಎರಡು ದಿನ ಉಚಿತ ವಾಸನಾ?”

ಗೊಣಗುತ್ತಲೇ ಒಪ್ಪಿದಳು. ಆ ಸಂಜೆಯೆಲ್ಲ ನಾನು ಜನ ಬರೆದದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಪ್ರತಿಯೊಂದರ ಕೆಳಗೂ ಬರೆದವರ ಹೆಸರು ಹಾಕಿ. ಬೆಳಿಗ್ಗೆ ನೋಡಿದರೆ ನನ್ನ ಉತ್ತರ ಇರಲಿಲ್ಲ. ಮಾತು ಕಲಿಸುವಾಕೆಯ ಮಾತೂ ಇರಲಿಲ್ಲ. ‘ಅಮ್ಮಪಕ್ಕ’ ಹೋಗಿ ‘ನೆರೆಹೊರೆ’ ಆಗಿತ್ತು.

“ಒತ್ತು,” ಎಂದೆ.

ಮಧ್ಯಾಹ್ನದೊಳಗೆ ‘ಅಮ್ಮನ ಮಾತು’ ಅಳಿಸಿಹೋಯಿತು. ಸಮಾಧಾನವೇನೂ ಆಗಲಿಲ್ಲ.

ಮುಂದಿನ ವಾರ ಪುಸ್ತಕದ ಕರಡು ಬಂತು. ತಮ್ಮನ ಮಗಳು ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಎಲ್ಲೋ ನೋಡುತ್ತ ಕೇಳಿದಳು: “ಕೊಡೆ ಅಂತಲೇ ಇರ್ಲಾ ಅತ್ತೆ, ಕೊಡೇ ಅಂತ ಮಾಡ್ಲಾ? ಮೂವತ್ತೆಂಟು ಕಡೆ ಇದೆ. ಹೇಳಿದ್ರೆ ಎಲ್ಲಾ ಒಂದೇ ಸಲಕ್ಕೆ ಬದಲಾಗತ್ತೆ.”

“ಒಂದೇ ಸಲಕ್ಕೆ ಬೇಡ. ಒಂದೊಂದಾಗಿ ನೋಡ್ತೀನಿ.”

ನಮ್ಮ ಕೆಲಸದಲ್ಲಿ ಅನುಮಾನ ಬಂದ ಕಡೆ ತಿದ್ದುವ ಹಾಗಿಲ್ಲ. ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ, ಹೇಳಿದವರಿಗೇ ಕಳಿಸಿ ಕೇಳಬೇಕು. ನಾನು ಮೊದಲನೆಯ ‘ಕೊಡೆ’ಯ ಎದುರಿಗೆ ಪೆನ್ಸಿಲಿನಿಂದ ಪ್ರಶ್ನೆಚಿಹ್ನೆ ಹಾಕಿದೆ. ಆಮೇಲೆ ಎರಡನೆಯದರ ಎದುರಿಗೆ. ಹದಿನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ಮೊಂಡಾಯಿತು. ಅವಳು ಇನ್ನೊಂದನ್ನು ಚೂಪು ಮಾಡಿ ನನ್ನ ಕೈಯ ಹತ್ತಿರ ಇಟ್ಟಳು.