ಬಸುರಿಯ ಗಂಡನ ಗಡ್ಡ

ನನ್ನ ಹೊಟ್ಟೆ ಮುಂದಕ್ಕೆ ಬಂದಷ್ಟೂ ನಮ್ಮ ಯಜಮಾನರ ಗಡ್ಡ ಕೆಳಕ್ಕೆ ಇಳಿಯುತ್ತಿತ್ತು. ಬಸುರಿಯ ಗಂಡ ಮುಖಕ್ಕೆ ಕತ್ತಿ ಸೋಕಿಸಬಾರದು, ಸೋಕಿಸಿದರೆ ಹೊಟ್ಟೆಯಲ್ಲಿರುವುದಕ್ಕೆ ಆಗಿಬರುವುದಿಲ್ಲ ಅನ್ನುವುದು ನಮ್ಮ ಅರಿಶಿನಕುಂಟೆಯಲ್ಲಿ ಎಲ್ಲರ ಮನೆಯ ಮಾತು. ಅತ್ತೆ ಕದಿರಮ್ಮನಿಗಂತೂ ಅದರಲ್ಲಿ ಎರಡು ಮಾತಿಲ್ಲ. ನನಗೂ ಭಯವಿತ್ತು. ಯಾಕಿರಬಾರದು? ಮೊದಲಿನ ಎರಡೂ ನನ್ನ ಮಡಿಲಿಗೆ ಬಂದಿರಲಿಲ್ಲ. ಒಂದು ನಡುವಿನಲ್ಲೇ ಇಳಿದುಹೋಯಿತು, ಇನ್ನೊಂದು ಹುಟ್ಟಿತು, ಅಳಲಿಲ್ಲ.

ಅರವತ್ತೇಳನೇ ಇಸವಿಯ ಮಾತಿದು. ಆ ವರ್ಷವೇ ಯಜಮಾನರಿಗೆ, ಮುನಿಸ್ವಾಮಿ ಅಂತ ಅವರ ಹೆಸರು, ಯಶವಂತಪುರದ ಕಡೆ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ ಸಿಕ್ಕಿತ್ತು. ಖಾಕಿ ಬಟ್ಟೆ, ಟೋಪಿ, ಬೆಲ್ಟು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಶನಿವಾರ ಮುಖ ಸಪ್ಪಗೆ ಮಾಡಿಕೊಂಡು ಬಂದರು.

"ಸೋಮವಾರ ಶೇವ್ ಮಾಡ್ಕೊಂಡು ಬಾ, ಇಲ್ದಿದ್ರೆ ಬರ್ಲೇಬ್ಯಾಡ ಅಂದ್ಬಿಟ್ರು ಕಣೆ ಸಾಹೇಬ್ರು."

ಅತ್ತೆ ಒಲೆಯ ಮುಂದಿನಿಂದಲೇ ಅಂದರು: "ಹೋಗ್ಲಿ ಬಿಡು ಆ ಕೆಲ್ಸ."

ಹೋಗಲಿ ಬಿಡು ಅನ್ನುವುದಕ್ಕೆ ಅದೇನು ಹಿತ್ತಲ ಸೊಪ್ಪೇ? ಇದ್ದ ತುಂಡು ಹೊಲವನ್ನು ನಂಬಿ ಹುಟ್ಟುವ ಕೂಸಿಗೆ ಏನು ಕುಡಿಸಲಿ? ಕೆಲಸವೂ ಬೇಕು, ಕೂಸೂ ಬೇಕು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಯಾವುದನ್ನು ಆರಿಸಲಿ? ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಯಜಮಾನರು ಅತ್ತೆಗೆ ಹೇಳದೆ ಕ್ಷೌರದ ಪಿಳ್ಳಪ್ಪನ ಹತ್ತಿರ ಹೋದರು. ಅವನು ಪೆಟ್ಟಿಗೆಯ ಮುಚ್ಚಳವನ್ನೇ ತೆಗೆಯಲಿಲ್ಲವಂತೆ. "ಬ್ಯಾಡ ಕಣಪ್ಪ. ನಿನ್ನ ಹೆಂಡ್ತಿ ಎರಡು ಕಳ್ಕೊಂಡೋಳು. ನಾಳೆ ಏನಾರ ಆದ್ರೆ ನನ್ ತಲೆ ಮೇಲೆ ಬರುತ್ತೆ," ಅಂದು ಕಳಿಸಿದ್ದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ಯಜಮಾನರು ನಿವೃತ್ತಿಯಾಗಿದ್ದ ಆದಿನಾರಾಯಣಪ್ಪ ಮೇಷ್ಟ್ರನ್ನು ಕರೆತಂದರು. ಅತ್ತೆ ಮರ್ಯಾದೆ ಕೊಡುತ್ತಿದ್ದುದು ಅವರೊಬ್ಬರಿಗೇ. ಮೇಷ್ಟ್ರು ಕಂಕುಳಲ್ಲಿ ದಪ್ಪನೆಯ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಬಂದು ಜಗಲಿಯ ಮೇಲೆ ಕೂತರು.

"ನೋಡಿ ಕದಿರಮ್ಮ, ಈ ಶೇವ್ ಅನ್ನೋ ಮಾತಿದೆಯಲ್ಲ, ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ಕೆರೆಯೋದು ಅಂತ. ಬಡಗಿ ಮರ ಕೆರೆದು ನಯ ಮಾಡ್ತಾನಲ್ಲ, ಅದಕ್ಕೂ ಇದೇ ಮಾತು. ಗಡ್ಡದ ಕೆಲಸಕ್ಕೆ ಅಂಟಿಕೊಂಡಿದ್ದು ಆಮೇಲೆ. ನಮ್ಮ ಕ್ಷೌರಕ್ಕೆ ತಿಥಿ ಇದೆ, ವಾರ ಇದೆ, ಸೂತಕ ಇದೆ. ಈ ಶೇವಿಗೆ ಅದ್ಯಾವುದೂ ಇಲ್ಲ. ಬರೀ ಕೆರೆಯೋದು. ನಿಮ್ಮ ಮಗ ಮಾಡ್ಕೋಬೇಕಾಗಿರೋದು ಅದು."

"ಹೆಸರು ಏನಾರ ಇಟ್ಕೊಳ್ಳಿ ಮೇಷ್ಟ್ರೇ. ಮುಖಕ್ಕೆ ತಾಗೋದು ಕತ್ತೀನೇ ಅಲ್ವಾ?"

ಮೇಷ್ಟ್ರು ಪುಸ್ತಕದ ಮೇಲೆ ಕೈಯಾಡಿಸುತ್ತ ಕೂತರು. ಅಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಆಗ ನನ್ನ ಬಾಯಿಂದ ಹಾರಿಬಿತ್ತು.

"ಅತ್ತೆ, ಆ ಎರಡು ಸಲಾನೂ ಇವ್ರು ಗಡ್ಡ ಬಿಟ್ಟಿದ್ರಲ್ಲ! ಎದೆ ಮಟ ಬಿಟ್ಟಿದ್ರು. ಕೂಸು ನಿಂತ್ವಾ?"

ಅಯ್ಯೋ ದೇವರೇ, ಎಂಥ ಮಾತಾಡಿಬಿಟ್ಟೆ ಅನ್ನಿಸಿತು. ಅತ್ತೆ ನನ್ನ ಕೆನ್ನೆಗೆ ಬಾರಿಸುತ್ತಾರೆ ಅಂದುಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕದಲ್ಲಿ ಬಂದು ಕೂತರು.

"ನಿಮ್ಮಾವನೂ ಬಿಟ್ಟಿದ್ರು ಕಣೆ. ಇವ್ನಿಗಿಂತ ಮುಂಚೆ ಮೂರು ಮಣ್ಣು ಮಾಡಿದೀನಿ ನಾನು. ನಂಗೊತ್ತಿಲ್ವಾ?"

"ಗೊತ್ತಿದ್ದೂ ಮತ್ಯಾಕತ್ತೆ ಈ ಹಠ?"

"ವಾಂತಿ ನಿಂದು, ನೋವು ನಿಂದು, ಸಾಯೋದಾದ್ರೆ ಸಾಯೋಳೂ ನೀನೇ. ಅವ್ನಿಗೇನು? ಉಂಡ್ಕೊಂಡು ಬಸ್ ಹತ್ತಿ ಹೋಗ್ತಾನೆ. ಮುಖ ನವೆ ಆದಾಗೆಲ್ಲ ಮನೇಲಿ ಬಸುರಿ ಇದಾಳೆ ಅಂತ ನೆಪ್ಪಾಗ್ಲಿ, ಅವ್ನೂ ಒಂದಿಷ್ಟು ಹೊರ್ಲಿ ಅಂತ ಗಡ್ಡ. ನಮ್ಮತ್ತೆ ನಂಗೆ ಹೇಳಿದ್ದು ಹಿಂಗೆ. ಗಡ್ಡ ತೆಗುದ್ರೆ ಕೂಸಿಗೆ ಆಗ್ಬರಲ್ಲ ಅಂತ ಊರೋರು ಅದನ್ನ ಕೂಸಿನ ತಲೆಗೆ ಕಟ್ಟಿದ್ರು. ನಾನೂ ಹೆದ್ರಿ ಸುಮ್ನಾದೆ."

ಅಷ್ಟು ಹೇಳಿ ಅತ್ತೆ ಮಗನ ಕಡೆ ತಿರುಗಿದರು.

"ಲೋ, ಕೆರ್ಕೊಂಡು ಹೋಗು ಕೆಲ್ಸಕ್ಕೆ. ಆದ್ರೆ ಇವತ್ತಿಂದ ಬಾವಿ ನೀರು ನಿಂದು. ಇವ್ಳು ಹೆರೋ ತನ್ಕ ಬಿಂದಿಗೆ ನೀನೇ ಹೊರ್ಬೇಕು. ಆಗುತ್ತಾ?"

ಸೇದುವ ಬಾವಿಗೆ ಆಗ ನಮ್ಮೂರಲ್ಲಿ ಗಂಡಸರು ಸ್ನಾನಕ್ಕೆ ಹೋಗುತ್ತಿದ್ದರೇ ಹೊರತು ಬಿಂದಿಗೆ ಹಿಡಿದು ಹೋಗುತ್ತಿರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು. "ಆಗುತ್ತಮ್ಮ," ಅಂದರು. ಮೇಷ್ಟ್ರು ಕಾಫಿ ಕೇಳಿದರು.

ಸೋಮವಾರ ಬೆಳಿಗ್ಗೆ ನಾನೇ ಕನ್ನಡಿ ಹಿಡಿದೆ. ನೆಲಮಂಗಲದಿಂದ ತಂದ ಬ್ಲೇಡಿನಲ್ಲಿ ಯಜಮಾನರು ಅಲ್ಲಲ್ಲಿ ಕುಯ್ದುಕೊಂಡರು. ಅಷ್ಟೆಲ್ಲ ಕೇಳಿದ ಮೇಲೂ ಭಯ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು ಬೋಳು ಮುಖದಲ್ಲಿ ಬಿಂದಿಗೆಯನ್ನು ಹೆಗಲಿಗೇರಿಸಿಕೊಂಡು ಹೊರಟರು. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು.

"ಏನ್ಲಾ ಮುನಿಸ್ವಾಮಿ, ಹೆಂಡ್ತಿ ನೀರು ಹೊರ್ಸೋಕೆ ಶುರು ಮಾಡಿದ್ಲಾ?" ಅಂದ ಪಕ್ಕದ ಮನೆಯ ಕೊಂಡಪ್ಪ.

"ಹೆಂಡ್ತಿ ಅಲ್ಲ ಕಣೋ, ನಮ್ಮಮ್ಮ. ಧೈರ್ಯ ಇದ್ರೆ ಬಂದು ಅವ್ರನ್ನೇ ಕೇಳು."

ಅತ್ತೆಯನ್ನು ಕೇಳುವ ಗಂಡಸು ನಮ್ಮೂರಲ್ಲಿ ಯಾರಿದ್ದ? ದಿನ ಕಳೆದ ಹಾಗೆ ನಗುವವರಿಗೂ ಬೇಜಾರಾಯಿತು. ಯಜಮಾನರ ಹೆಗಲಲ್ಲಿ ಬಿಂದಿಗೆಯ ಅಂಚು ತಾಗಿ ಕಪ್ಪು ಗೆರೆ ಬಿದ್ದಿತ್ತು. ಸಂಜೆ ಅಲ್ಲಿಗೆ ಹರಳೆಣ್ಣೆ ಸವರುತ್ತಿದ್ದೆ, ಮುಖ ಹುಳ್ಳಗೆ ಮಾಡಿದರೆ ರೇಗಿಸುತ್ತಿದ್ದೆ.

ನೋವು ಬಂದದ್ದು ಒಂದು ಬೆಳಿಗ್ಗೆ, ಅವರು ಬಾವಿಗೆ ಹೋಗಿದ್ದಾಗ. ಸೂಲಗಿತ್ತಿ ಪಾಪಮ್ಮ ಓಡಿ ಬಂದಳು. ಯಜಮಾನರು ವಾಪಸು ಬಂದು ಹೊಸ್ತಿಲ ಆಚೆ ನಿಂತರಂತೆ. ಒಳಗೆ ಬರುವ ಹಾಗಿಲ್ಲ, ಹೋಗುವ ಮನಸ್ಸಿಲ್ಲ. ತುಂಬಿದ ಬಿಂದಿಗೆ ಹೆಗಲ ಮೇಲೆಯೇ. ಕೆಲಸಕ್ಕೆ ಹೋಗುವ ಬಸ್ಸೂ ಹೋಯಿತು. ಇಳಿಸಪ್ಪಾ ಅಂತ ಕೊಂಡಪ್ಪ ಬಂದು ಕೈ ಹಾಕಿದರೂ ಬಿಡಲಿಲ್ಲವಂತೆ.

ಆಮೇಲೆ ಕೂಸು ಅತ್ತಿತು. ನನ್ನ ಮಗಳು, ಇಡೀ ಕೇರಿಗೆ ಕೇಳುವ ಹಾಗೆ ಅತ್ತಳು.

ಅತ್ತೆ ಬಾಗಿಲಿಗೆ ಹೋದದ್ದು, ಮಗನ ಬೋಳು ಗಲ್ಲ ಹಿಡಿದು ಬಿಕ್ಕಿದ್ದು ಮಲಗಿದ್ದಲ್ಲಿಂದಲೇ ನನಗೆ ಕಂಡಿತು.

"ಇನ್ನಿಳ್ಸೋ ಮಗನೇ," ಅಂದರು. "ಅವ್ಳೂ ಇಳ್ಸಿದ್ಲು."